ಮೊದಲ ಕಂತಿನ ಕ್ರೌರ್ಯ: ಈಗಲೇ ಎಚ್ಚರವಿರಲಿ

2016ರ ಅಕ್ಟೋಬರ್ 23, ಭಾನುವಾರ ರಾತ್ರಿ. ಅಮೆರಿಕದ ಎಎಂಸಿ ವಾಹಿನಿಯಲ್ಲಿ ‘ದಿ ವಾಕಿಂಗ್ ಡೆಡ್’ ಧಾರಾವಾಹಿಯ ಏಳನೇ ಸೀಸನ್ನಿನ ಮೊದಲ ಕಂತು ಪ್ರಸಾರವಾಯಿತು. ಅವತ್ತೇ ಅದನ್ನು ನೋಡಿದವರು ಸುಮಾರು 1 ಕೋಟಿ 70 ಲಕ್ಷ ಜನ. ಮರುವಾರ ಎರಡನೇ ಕಂತಿಗೆ ಟಿವಿ ಮುಂದೆ ಕೂತವರು ಸುಮಾರು 1 ಕೋಟಿ 25 ಲಕ್ಷ. ಕುತೂಹಲಕ್ಕೆ ಬಂದವರಲ್ಲಿ ಒಂದಿಷ್ಟು ಮಂದಿ ಎದ್ದು ಹೋಗುವುದು ಯಾವ ಧಾರಾವಾಹಿಗೂ ಇದ್ದದ್ದೇ. ಆದರೆ ಇಲ್ಲಿ ಹೋದವರು ತಿರುಗಿ ಬರಲಿಲ್ಲ. ಮರುವರ್ಷ ಎಂಟನೇ ಸೀಸನ್ ಶುರುವಾದಾಗ ಲೆಕ್ಕ 1 ಕೋಟಿ 14 ಲಕ್ಷಕ್ಕೆ ಇಳಿದಿತ್ತು. 2022ರ ನವೆಂಬರ್‌ನಲ್ಲಿ ಕೊನೆಯ ಕಂತು ಪ್ರಸಾರವಾದ ದಿನ ಅದು 23 ಲಕ್ಷವನ್ನೂ ಮುಟ್ಟಲಿಲ್ಲ. ಜನ ಕೇಬಲ್ ಬಿಟ್ಟು ಸ್ಟ್ರೀಮಿಂಗ್ ಕಡೆ ಹೊರಟಿದ್ದ ಕಾಲವೂ ಅದೇ ಎಂಬುದು ನಿಜ, ಇಳಿಕೆಯಲ್ಲಿ ಅದರ ಪಾಲೂ ಇದೆ. ಹಾಗಿದ್ದರೂ ಈ ಧಾರಾವಾಹಿಯನ್ನು ಪ್ರೀತಿಸಿದವರನ್ನು ಯಾವಾಗ ಬಿಟ್ಟಿರಿ ಎಂದು ಕೇಳಿದರೆ, ಇವತ್ತಿಗೂ ಬಹಳ ಮಂದಿ ಬೊಟ್ಟು ಮಾಡುವುದು ಆ ಒಂದು ರಾತ್ರಿಯ ಕಡೆಗೆ.

ಇಷ್ಟು ವರ್ಷಗಳ ಮೇಲೆ ಆ ಕಂತಿನ ಮಾತು ಎತ್ತುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ವೆಬ್ ಸರಣಿಗಳು ಈಗಷ್ಟೇ ಕಣ್ಣು ಬಿಡುತ್ತಿವೆ. ಅವುಗಳಲ್ಲಿ ಬೇಗ ಜನರ ಬಾಯಿಗೆ ಬಿದ್ದವುಗಳಲ್ಲಿ ಒಂದು ಭಯದ ಕಥೆಯೇ. 2025ರ ಏಪ್ರಿಲ್‌ನಲ್ಲಿ ಜೀ5ನಲ್ಲಿ ಬಂದ, ರಮೇಶ್ ಇಂದಿರಾ ನಿರ್ದೇಶನದ ‘ಅಯ್ಯನ ಮನೆ’ ಮಲೆನಾಡಿನ ಒಂದು ಹಳೆಯ ಮನೆ, ಆ ಮನೆಗೆ ಸೊಸೆಯಾಗಿ ಬರುವ ಹುಡುಗಿ, ಅವಳಿಗಿಂತ ಮೊದಲು ಬಂದವರಿಗೆ ಆದ ಗತಿ, ಇಷ್ಟನ್ನು ಇಟ್ಟುಕೊಂಡು ಹೆದರಿಸಲು ಹೊರಟಿತ್ತು. ಅದು ಓಡಿತು, ಆದ್ದರಿಂದ ಇನ್ನೂ ಬರುತ್ತವೆ. ಬರಲಿ. ಭಯದ ಕಥೆ ಕನ್ನಡಕ್ಕೆ ಹೊಸದೇನಲ್ಲ. 1979ರ ‘ನಾ ನಿನ್ನ ಬಿಡಲಾರೆ’ಯನ್ನು ಚಿಕ್ಕಂದಿನಲ್ಲಿ ನೋಡಿದವರು ರಾತ್ರಿ ಹಿತ್ತಿಲಿಗೆ ಹೋಗಲು ಹೆದರಿದ ಕಥೆಯನ್ನು ಈಗಲೂ ಹೇಳುತ್ತಾರೆ. ಹೊಸದು ಬೇರೆಯೇ ಇದೆ. ಸೀಸನ್ ಎಂಬ ಕಟ್ಟುಪಾಡು ಹೊಸದು, ಮೊದಲ ಕಂತಿನಲ್ಲೇ ನೋಡುಗನನ್ನು ಹಿಡಿದು ಹಾಕಬೇಕೆಂಬ ಒತ್ತಡ ಹೊಸದು, ಆ ಹಿಡಿತಕ್ಕೆ ಕ್ರೌರ್ಯವೇ ಸುಲಭದ ದಾರಿ ಎಂಬ ನಂಬಿಕೆ ಹೊಸದು. ಆ ನಂಬಿಕೆ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದು ಅಮೆರಿಕದಲ್ಲಿ ಆಗಲೇ ಒಮ್ಮೆ ಕಂಡಿದೆ.

ಕಥೆ ಗೊತ್ತಿಲ್ಲದವರಿಗಾಗಿ ಒಂದಿಷ್ಟು. ರಾಬರ್ಟ್ ಕರ್ಕ್‌ಮನ್ ಬರೆದ ‘ದಿ ವಾಕಿಂಗ್ ಡೆಡ್’ ಕಾಮಿಕ್ 2003ರಲ್ಲಿ ಶುರುವಾಯಿತು. ಸತ್ತವರು ಎದ್ದು ನಡೆದಾಡುವ ಲೋಕದಲ್ಲಿ ಬದುಕಿ ಉಳಿದ ಕೆಲವರು ಒಂದು ಗುಂಪಾಗಿ, ನಿಧಾನಕ್ಕೆ ಒಂದು ಕುಟುಂಬವಾಗಿ ಬಾಳುವ ಕಥೆ. ಅದು ಟಿವಿಗೆ ಬಂದದ್ದು 2010ರ ಅಕ್ಟೋಬರ್ 31ರಂದು. ಗುಂಪಿನಲ್ಲಿ ಗ್ಲೆನ್ ಎಂಬ ಹುಡುಗನಿದ್ದ. ಲೋಕ ಕೆಡುವ ಮುಂಚೆ ಮನೆಮನೆಗೆ ಪಿಜ್ಜಾ ಹಾಕುತ್ತಿದ್ದವನು. ಸುತ್ತ ಹೆಣಗಳು ಮುತ್ತಿಕೊಂಡಿರುವ ಸೇನಾ ಟ್ಯಾಂಕಿನೊಳಗೆ ನಾಯಕ ರಿಕ್ ಒಬ್ಬಂಟಿಯಾಗಿ ಸಿಕ್ಕಿಬಿದ್ದಾಗ ರೇಡಿಯೋದಲ್ಲಿ ಕೇಳಿಬರುವ ಮೊದಲ ಮನುಷ್ಯದನಿ ಈ ಗ್ಲೆನ್‌ನದು. ಪರಿಚಯವೇ ಇಲ್ಲದ ಒಬ್ಬನನ್ನು ಉಳಿಸಲು ಪ್ರಾಣ ಪಣಕ್ಕಿಟ್ಟು ಬಂದವನು ಅವನು. ಆರು ಸೀಸನ್ ಉದ್ದಕ್ಕೂ ಉಳಿದವರೆಲ್ಲ ಸ್ವಲ್ಪ ಸ್ವಲ್ಪವೇ ಒರಟಾಗುತ್ತ ಹೋದರೂ ಇವನ ಒಳ್ಳೆಯತನ ಮಾತ್ರ ಸವೆಯಲಿಲ್ಲ. ಆ ಪಾತ್ರ ಮಾಡಿದವರು ಕೊರಿಯಾ ಮೂಲದ ಸ್ಟೀವನ್ ಯೂನ್. ಏಷ್ಯಾ ಮೂಲದ ಗಂಡಸು ಪ್ರೀತಿಸುತ್ತಾನೆ, ಪ್ರೀತಿಸಲ್ಪಡುತ್ತಾನೆ, ಮದುವೆಯಾಗುತ್ತಾನೆ, ತಂದೆಯಾಗುವ ಹಂತಕ್ಕೂ ಬರುತ್ತಾನೆ. ಅಮೆರಿಕದ ಟಿವಿಯಲ್ಲಿ ಇಂಥ ಪಾತ್ರ ಆಗ ಅಪರೂಪವಾಗಿತ್ತು. ಅಲ್ಲಿ ನೆಲೆಸಿದ ಭಾರತೀಯ ಮನೆಗಳಲ್ಲೂ ಗ್ಲೆನ್ ಎಂದರೆ ನಮ್ಮವನು ಎಂಬ ಅಕ್ಕರೆ ಇದ್ದುದರಲ್ಲಿ ಆಶ್ಚರ್ಯವಿಲ್ಲ.

ಈ ಅಕ್ಕರೆಯ ಜೊತೆ ತಯಾರಕರು ಆಡಿದ ಆಟ ಏಳನೇ ಸೀಸನ್ನಿಗಿಂತ ಒಂದು ವರ್ಷ ಮೊದಲೇ ಶುರುವಾಗಿತ್ತು. 2015ರ ಅಕ್ಟೋಬರ್‌ನಲ್ಲಿ ಗ್ಲೆನ್ ಹೆಣಗಳ ಗುಂಪಿನೊಳಕ್ಕೆ ಬೀಳುತ್ತಾನೆ. ಕರುಳು ಕೀಳುವುದು ಕಾಣುತ್ತದೆ, ಅವನ ಮುಖದಲ್ಲಿ ನೋವು ಕಾಣುತ್ತದೆ. ಮುಂದಿನ ಕಂತುಗಳ ಟೈಟಲ್ ಕಾರ್ಡಿನಿಂದ ನಟನ ಹೆಸರನ್ನೂ ತೆಗೆದರು. ಸುಮಾರು ಒಂದು ತಿಂಗಳು ಬಿಟ್ಟು ತಿಳಿಯಿತು: ಸತ್ತದ್ದು ಅವನ ಮೈಮೇಲೆ ಬಿದ್ದಿದ್ದ ಇನ್ನೊಬ್ಬ. ಇವನು ಕಸದ ಡಬ್ಬಿಯ ಅಡಿಗೆ ನುಸುಳಿ ಬದುಕಿಕೊಂಡಿದ್ದ. ಧಾರಾವಾಹಿ ನೋಡುವ ನಮ್ಮ ಮನೆಗಳಿಗೆ ಇದು ಗೊತ್ತಿರುವ ಪಟ್ಟೇ. ಸಂಚಿಕೆ ಮುಗಿಯುವಾಗ ಮೆಟ್ಟಿಲಿನಿಂದ ಉರುಳಿದ ಸೊಸೆ ಮರುದಿನ ಆರಾಮಾಗಿ ಎದ್ದು ಕೂರುತ್ತಾಳೆ. ನಮ್ಮಲ್ಲಿ ಅದು ಒಂದು ದಿನದ ಆತಂಕ, ಬೈದುಕೊಂಡು ಮರೆತುಬಿಡುತ್ತೇವೆ. ಇವರು ಆ ಆತಂಕವನ್ನು ತಿಂಗಳುಗಟ್ಟಲೆ ಎಳೆದರು. 2016ರ ಏಪ್ರಿಲ್ 3ರಂದು ಆರನೇ ಸೀಸನ್ನಿನ ಕೊನೆಯ ಕಂತು ಬಂತು. ನೀಗನ್ ಎಂಬ ಹೊಸ ಖಳ, ಅವನ ಕೈಯಲ್ಲಿ ಮುಳ್ಳುತಂತಿ ಸುತ್ತಿದ ಬೇಸ್‌ಬಾಲ್ ಬ್ಯಾಟು, ಮಂಡಿಯೂರಿ ಕೂರಿಸಿದ ಹನ್ನೊಂದು ಮಂದಿ. ಎಣಿಕೆಯ ಹಾಡು ಹೇಳುತ್ತ ಒಬ್ಬನನ್ನು ಆರಿಸುತ್ತಾನೆ. ಕ್ಯಾಮೆರಾ ಆ ಒಬ್ಬನ ಕಣ್ಣಾಗುತ್ತದೆ. ಬ್ಯಾಟು ನಮ್ಮ ಮೇಲೇ ಬೀಳುತ್ತದೆ, ಪರದೆಯ ಮೇಲೆ ರಕ್ತ ಇಳಿಯುತ್ತದೆ, ಕತ್ತಲು. ಸತ್ತವರು ಯಾರು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಆರೂವರೆ ತಿಂಗಳ ಮೇಲೆ.

ಕಾಯಿಸುವುದೇ ತಪ್ಪೆಂದು ನಾನು ಹೇಳಲಾರೆ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಕಾದಂಬರಿ ಓದಿ ಬೆಳೆದವರು ಗುರುವಾರಕ್ಕೋ ಶುಕ್ರವಾರಕ್ಕೋ ಕಾದ ಸುಖವನ್ನು ಬಲ್ಲರು. ಅಲ್ಲಿ ನಾವು ಕಾಯುತ್ತಿದ್ದುದು ಕಥೆ ಮುಂದೇನಾಗುತ್ತದೆ ಎಂದು. ಇಲ್ಲಿ ಆಗಬೇಕಾದದ್ದು ಆಗಿಹೋಗಿದೆ, ಒಬ್ಬ ಸತ್ತಿದ್ದಾನೆ. ಅದು ಆ ಗುಂಪಿನ ಎಲ್ಲರಿಗೂ ಗೊತ್ತು, ಗೊತ್ತಿಲ್ಲದವನು ನೋಡುಗ ಒಬ್ಬನೇ. ಸಾವು ಒಗಟಾಯಿತು, ಒಗಟು ಜಾಹೀರಾತಾಯಿತು. ಆ ಬೇಸಿಗೆಯೆಲ್ಲ ಪತ್ರಿಕೆಗಳಲ್ಲಿ, ಟಿವಿ ಚರ್ಚೆಗಳಲ್ಲಿ, ಅಭಿಮಾನಿಗಳ ಮೇಳಗಳಲ್ಲಿ ನಡೆದದ್ದು ಹೆಣ ಯಾರದೆಂಬ ಊಹೆ. ಗುಟ್ಟು ಕಾಯಲು ಬೇರೆ ಬೇರೆ ಪಾತ್ರಗಳು ಸಾಯುವ ದೃಶ್ಯಗಳನ್ನೂ ಚಿತ್ರೀಕರಿಸಿ ಇಟ್ಟಿದ್ದರು.

ಇಷ್ಟು ಕಾಯಿಸಿದ ಮೇಲೆ ಅಕ್ಟೋಬರ್‌ನಲ್ಲಿ ಏನನ್ನು ಕೊಟ್ಟರು? ಕಂತು ಶುರುವಾಗಿ ಸುಮಾರು ಇಪ್ಪತ್ತು ನಿಮಿಷವಾದರೂ ಹೆಸರು ಹೊರಬರುವುದಿಲ್ಲ. ರಿಕ್‌ನ ಮುಖಕ್ಕೆ ರಕ್ತ ಚಿಮ್ಮಿದೆ, ಅವನ ಕಣ್ಣಲ್ಲಿ ಜೀವವಿಲ್ಲ. ಯಾರ ರಕ್ತ ಎಂಬುದನ್ನು ಮಾತ್ರ ಇನ್ನೂ ಹಿಡಿದಿಟ್ಟಿದ್ದಾರೆ. ಆಮೇಲೆ ಕಥೆ ಹಿಂದಕ್ಕೆ ಹೋಗುತ್ತದೆ. ಸತ್ತವನು ಏಬ್ರಹಾಂ, ಹಳೆಯ ಸೈನಿಕ. ಒಂದು ಏಟು ಬೀಳುತ್ತದೆ. ಅವನು ತಲೆ ಎತ್ತಿ ಬೈಯುತ್ತಾನೆ. ಆಮೇಲೆ ಬೀಳುವ ಏಟುಗಳು ನಿಲ್ಲುವುದೇ ಇಲ್ಲ, ಅಲ್ಲಿ ತಲೆ ಎನ್ನುವುದು ಉಳಿಯುವವರೆಗೂ, ಉಳಿಯದಿದ್ದ ಮೇಲೂ. ನೋಡುಗ ಉಸಿರು ಬಿಡುತ್ತಾನೆ, ಸದ್ಯ ಗ್ಲೆನ್ ಉಳಿದ ಎಂದು. ಆ ಉಸಿರಿಗೇ ಕಾದಿದ್ದವರಂತೆ ಎರಡನೇ ಏಟು ಹಾಕಿದರು. ಗುಂಪಿನ ಡ್ಯಾರಿಲ್ ಸಿಟ್ಟು ತಾಳದೆ ನೀಗನ್‌ಗೆ ಗುದ್ದುತ್ತಾನೆ, ಅದಕ್ಕೆ ಶಿಕ್ಷೆಯೆಂದು ಬ್ಯಾಟು ಗ್ಲೆನ್ ತಲೆಗೆ ಬೀಳುತ್ತದೆ. ಬುರುಡೆ ಒಂದು ಕಡೆ ಒಳಕ್ಕೆ ಹೋಗಿ ಒಂದು ಕಣ್ಣುಗುಡ್ಡೆ ಹೊರಗೆ ಬಂದಿದೆ. ಆ ಸ್ಥಿತಿಯಲ್ಲೇ ಅವನು ಎದುರಿಗೆ ಮಂಡಿಯೂರಿ ಕೂತ ಬಸುರಿ ಹೆಂಡತಿ ಮ್ಯಾಗಿಗೆ ತೊದಲುತ್ತ ಏನನ್ನೋ ಹೇಳಲು ಒದ್ದಾಡುತ್ತಾನೆ. ಕ್ಯಾಮೆರಾ ಆ ಮುಖದಿಂದ ಕದಲುವುದಿಲ್ಲ. ನೀಗನ್ ಅದನ್ನು ನೋಡಿ ನಗೆಯಾಡುತ್ತಾನೆ. ಆಮೇಲೆ ಮತ್ತೆ ಏಟು.

ಇಲ್ಲಿಗೆ ಮುಗಿಯಿತೇ ಎಂದರೆ ಇಲ್ಲ. ರಿಕ್ ತನ್ನ ಮಗ ಕಾರ್ಲ್‌ನ ಕೈಯನ್ನು ತಾನೇ ಕೊಡಲಿಯಿಂದ ಕಡಿಯಬೇಕೆಂದು ನೀಗನ್ ಹಟ ಹಿಡಿಯುತ್ತಾನೆ. ಕೈಗೆ ಪೆನ್ನಿನಿಂದ ಗೆರೆ ಎಳೆದು ತೋರಿಸುತ್ತಾನೆ. ತಂದೆ ಗೋಗರೆಯುತ್ತಾನೆ, ಮೂಗು ಬಾಯಿ ಎಲ್ಲ ನೀರಾಗಿ ಅಳುತ್ತಾನೆ, ಕೊನೆಗೆ ಕೊಡಲಿ ಎತ್ತುತ್ತಾನೆ. ಆಗ ಸಾಕು ಎನ್ನುತ್ತಾನೆ ನೀಗನ್. ಆಂಡ್ರ್ಯೂ ಲಿಂಕನ್ ಅವರ ನಟನೆ ಅಲ್ಲಿ ಅದ್ಭುತವಾಗಿದೆ, ಅದನ್ನು ಒಪ್ಪಲೇಬೇಕು. ಕಂತಿನ ಕೊನೆಯಲ್ಲಿ ಒಂದು ಕನಸು ಬರುತ್ತದೆ. ಉದ್ದನೆಯ ಊಟದ ಮೇಜು, ಎಲ್ಲರೂ ಇದ್ದಾರೆ, ಗ್ಲೆನ್ ತೊಡೆಯ ಮೇಲೆ ಅವನು ನೋಡದೇ ಹೋದ ಕೂಸು. ಆ ಕನಸಿಗೆ ಸಿಕ್ಕಿದ್ದು ಚೂರು ಹೊತ್ತು, ಹೊಡೆತಕ್ಕೆ ಸಿಕ್ಕಿದ್ದು ಬಹಳ ಹೊತ್ತು. ಈ ಅಳತೆಯಲ್ಲೇ ಅವರ ಆಯ್ಕೆ ಏನಿತ್ತೆಂಬುದು ತಿಳಿಯುತ್ತದೆ.

ಇದೆಲ್ಲ ಮೂಲ ಕಾಮಿಕ್ಕಿನಲ್ಲೇ ಇತ್ತಲ್ಲ ಎಂಬ ಸಮರ್ಥನೆ ಬಂತು. ಇತ್ತು. 2012ರಲ್ಲಿ ಬಂದ ನೂರನೇ ಸಂಚಿಕೆಯಲ್ಲಿ ಗ್ಲೆನ್ ಸಾಯುವುದು ಹೀಗೆಯೇ, ಚಾರ್ಲಿ ಆ್ಯಡ್ಲರ್ಡ್ ಬರೆದ ಚಿತ್ರಗಳಲ್ಲಿ ಆ ಕಣ್ಣೂ ಇದೆ. ಆದರೆ ಅದು ಕಪ್ಪು ಬಿಳುಪಿನ ಪುಟ. ಅದಕ್ಕೆ ಸದ್ದಿಲ್ಲ. ಒಂದು ಚಿತ್ರದಿಂದ ಇನ್ನೊಂದಕ್ಕೆ ಎಷ್ಟು ಬೇಗ ದಾಟಬೇಕು, ಪುಟ ಮಗುಚಬೇಕೋ ಪುಸ್ತಕ ಮುಚ್ಚಿಡಬೇಕೋ ಎಂಬುದು ಓದುವವನ ಬೆರಳಿಗೆ ಬಿಟ್ಟದ್ದು. ಟಿವಿಯಲ್ಲಿ ಕಾಲ ನಿರ್ದೇಶಕನ ವಶದಲ್ಲಿರುತ್ತದೆ. ಒದ್ದೆ ಮಣ್ಣಿನ ಮೇಲೆ ಮರದ ಬ್ಯಾಟು ಬಡಿಯುವ ಆ ಸದ್ದು, ಕಣ್ಣು ಮುಚ್ಚಿದರೂ ಕಿವಿಗೆ ಬೀಳುತ್ತದೆ. ಕಂತನ್ನು ನಿರ್ದೇಶಿಸಿದ ಗ್ರೆಗ್ ನಿಕೊಟೆರೊ ಸಾಮಾನ್ಯರಲ್ಲ. 1985ರ ‘ಡೇ ಆಫ್ ದಿ ಡೆಡ್’ ಕಾಲದಿಂದ ಗಾಯ, ಹೆಣ, ಕೊಳೆತ ಚರ್ಮಗಳನ್ನು ಮೇಕಪ್ಪಿನಲ್ಲಿ ಸೃಷ್ಟಿಸುತ್ತ ಬಂದ ದೊಡ್ಡ ಕಸುಬುದಾರ. ಆ ಕಸುಬು ಕಥೆಯ ಮಾತು ಕೇಳಬೇಕಿತ್ತು. ಅವತ್ತು ಕಥೆಯೇ ಕಸುಬಿನ ಮಾತು ಕೇಳಿತು.

ಪ್ರಸಾರ ಮುಗಿದ ಕೂಡಲೇ ಅದೇ ವಾಹಿನಿಯಲ್ಲಿ ಆ ಕಂತಿನ ಚರ್ಚಾ ಕಾರ್ಯಕ್ರಮ ನೇರಪ್ರಸಾರವಾಯಿತು. ನಡೆದದ್ದು ಲಾಸ್ ಏಂಜಲೀಸ್‌ನ ಹಾಲಿವುಡ್ ಫಾರೆವರ್ ಎಂಬ ಸ್ಮಶಾನದಲ್ಲಿ, ನಟರು, ತಯಾರಕರು, ನೆರೆದ ಅಭಿಮಾನಿಗಳ ಮುಂದೆ. ನೋಡುಗ ಇನ್ನೂ ಎದೆ ಹಿಡಿದು ಕೂತಿದ್ದಾನೆ, ಅಷ್ಟರಲ್ಲಿ ಅದು ಸಮಾರಂಭವಾಗಿ ಹೋಗಿದೆ. ಪೇರೆಂಟ್ಸ್ ಟೆಲಿವಿಷನ್ ಕೌನ್ಸಿಲ್ ಎಂಬ ಸಂಘಟನೆ ಕಂತನ್ನು ಕಟುವಾಗಿ ಖಂಡಿಸಿತು. ಆ ಸಂಘಟನೆಯ ಎಲ್ಲ ನಿಲುವುಗಳನ್ನು ಒಪ್ಪಬೇಕಿಲ್ಲ. ಅದು ಎತ್ತಿದ ಒಂದು ಮಾತು ಮಾತ್ರ ತೂಕದ್ದು: ಬೇಡವಾದರೆ ಚಾನೆಲ್ ಬದಲಿಸಿ ಎನ್ನುವುದು ಸುಲಭ, ಆದರೆ ಕೇಬಲ್ ಪ್ಯಾಕೇಜಿನಲ್ಲಿ ಈ ವಾಹಿನಿಯೂ ಸೇರಿರುವುದರಿಂದ ನೋಡದವನ ದುಡ್ಡೂ ಇದಕ್ಕೆ ಹೋಗುತ್ತದೆ. ಮರುವರ್ಷದ ಜನವರಿಯಲ್ಲಿ ನಿರ್ಮಾಪಕಿ ಗೇಲ್ ಆ್ಯನ್ ಹರ್ಡ್, ಪ್ರೇಕ್ಷಕರ ಪ್ರತಿಕ್ರಿಯೆ ನೋಡಿ ಆಗ ಚಿತ್ರೀಕರಣದಲ್ಲಿದ್ದ ಕಂತುಗಳಲ್ಲಿ ಹಿಂಸೆಯನ್ನು ತಗ್ಗಿಸಿದೆವು ಎಂಬರ್ಥದ ಮಾತಾಡಿದರು. ಧಾರಾವಾಹಿಯ ಹೊಣೆ ಹೊತ್ತಿದ್ದ ಸ್ಕಾಟ್ ಗಿಂಪಲ್ ಹಾಗೇನಿಲ್ಲ, ಆ ಕಂತಿನ ತೀವ್ರತೆ ಆ ಕಂತಿಗಷ್ಟೇ ಬೇಕಾಗಿದ್ದದ್ದು ಎಂದರು. ಒಂದೇ ಮನೆಯಿಂದ ಎರಡು ದನಿ ಬಂದಾಗಲೇ ಏನೋ ಮುರಿದಿದೆ ಎಂಬುದು ಹೊರಗಿನವರಿಗೂ ಗೊತ್ತಾಗಿತ್ತು.

ಮುರಿದದ್ದು ನಂಬಿಕೆ. ಭಯದ ಕಥೆ ನೋಡಲು ಕೂತವನು ತನ್ನನ್ನು ಹೆದರಿಸು ಎಂದು ಒಪ್ಪಿಯೇ ಕೂತಿರುತ್ತಾನೆ. ಪ್ರೀತಿಯ ಪಾತ್ರ ಸತ್ತರೆ ಅಳುತ್ತಾನೆ, ಮತ್ತೆ ಬರುತ್ತಾನೆ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ 2013ರ ಜೂನ್‌ನಲ್ಲಿ ಮದುವೆಯ ಊಟದ ನಡುವೆ ತಾಯಿ, ಮಗ, ಬಸುರಿ ಸೊಸೆಯನ್ನು ಕೊಂದಿತು. ನೋಡಿದವರು ನಡುಗಿದರು, ಬೈದರು, ಆದರೆ ಮುಂದಿನ ಸೀಸನ್ನಿಗೆ ನೋಡುಗರು ಹೆಚ್ಚಾದರೇ ಹೊರತು ಕಡಿಮೆಯಾಗಲಿಲ್ಲ. ಆ ಸಾವುಗಳ ಹಿಂದೆ ಕೊಟ್ಟ ಮಾತು ಮುರಿದ ಒಬ್ಬ ರಾಜನ ತಪ್ಪು ಇತ್ತು, ಅದರ ಫಲ ಅಲ್ಲಿ ಬಂದು ಮುಟ್ಟಿತ್ತು. ಮುಖ್ಯವಾಗಿ ಅದನ್ನು ಯಾರೂ ಬೆಲ್ಲದಂತೆ ಆರು ತಿಂಗಳು ಕಣ್ಣ ಮುಂದೆ ತೂಗಾಡಿಸಿರಲಿಲ್ಲ. ಹಾಗಾಗಿ ಜನ ಹಿಂಸೆ ತಾಳಲಾರದೆ ಎದ್ದುಹೋದರು ಎಂದು ಮೇಲುಮೇಲಕ್ಕೆ ಹೇಳಿದರೆ ಸಾಲದು. ತಮ್ಮ ಪ್ರೀತಿಯನ್ನು ಯಾರೋ ತಮಗೇ ಹೊಡೆಯುವ ಕೋಲು ಮಾಡಿಕೊಂಡಿದ್ದಾರೆ ಎಂದು ಅನ್ನಿಸಿದ್ದಕ್ಕೆ ಎದ್ದುಹೋದರು.

ನಮ್ಮ ಕಾವ್ಯಮೀಮಾಂಸೆ ಭಯಾನಕವನ್ನೂ ಬೀಭತ್ಸವನ್ನೂ ಎರಡು ಬೇರೆ ರಸಗಳೆಂದು ಎಣಿಸಿದ್ದು ಸುಮ್ಮನೆ ಅಲ್ಲ. ಒಂದರ ಬೇರು ಭಯ, ಇನ್ನೊಂದರ ಬೇರು ಜುಗುಪ್ಸೆ. ಭಯ ನೋಡುಗನನ್ನು ಪಾತ್ರದ ಹತ್ತಿರಕ್ಕೆ ಎಳೆಯುತ್ತದೆ, ಅಯ್ಯೋ ಇವನಿಗೇನಾಗುತ್ತದೋ ಎಂದು. ಜುಗುಪ್ಸೆ ದೂರ ತಳ್ಳುತ್ತದೆ, ಮುಖ ತಿರುಗಿಸುವಂತೆ ಮಾಡುತ್ತದೆ. ಬ್ಯಾಟು ಎತ್ತಿ ಹಿಡಿದ ನೀಗನ್ ಭಯಾನಕ. ಹೊರಬಂದ ಕಣ್ಣು ಬೀಭತ್ಸ. ಅದು ಕಂಡ ಕ್ಷಣಕ್ಕೆ ಗ್ಲೆನ್‌ಗಾಗಿ ಮರುಗುತ್ತಿದ್ದ ಮನಸ್ಸು ಅವನಿಂದಲೇ ದೃಷ್ಟಿ ತಪ್ಪಿಸಿಕೊಳ್ಳಬೇಕಾಯಿತು. ಅವನು ಸಾಯುವ ಹೊತ್ತಿನಲ್ಲಿ ನೋಡುಗ ಅವನ ಜೊತೆ ಇರದಂತೆ ಮಾಡಿದ್ದು ಆ ಕಂತಿನ ದೊಡ್ಡ ಅಪರಾಧ. ಬೀಭತ್ಸಕ್ಕೆ ಜಾಗವೇ ಇಲ್ಲ ಎಂದಲ್ಲ. ರನ್ನನ ‘ಗದಾಯುದ್ಧ’ದ ರಣರಂಗದಲ್ಲಿ ರಕ್ತ ಮಾಂಸಕ್ಕೆ ಕೊರತೆಯಿಲ್ಲ, ಹೆಣಗಳನ್ನು ತುಳಿದುಕೊಂಡೇ ದುರ್ಯೋಧನ ನಡೆಯಬೇಕು. ಆದರೆ ರನ್ನ ಅವನನ್ನು ಒಂದೊಂದು ಹೆಣದ ಮುಂದೆ ನಿಲ್ಲಿಸುತ್ತಾನೆ. ಗುರು ದ್ರೋಣನ ಮುಂದೆ, ತಮ್ಮ ದುಶ್ಶಾಸನನ ಮುಂದೆ, ಮಗ ಲಕ್ಷಣಕುಮಾರನ ಮುಂದೆ, ಗೆಳೆಯ ಕರ್ಣನ ಮುಂದೆ, ವೈರಿಯ ಮಗ ಅಭಿಮನ್ಯುವಿನ ಮುಂದೆ ಕೂಡ. ಸಾವಿನ ಲೆಕ್ಕಕ್ಕಿಂತ ಅಳುವುದಕ್ಕೆ ಹೆಚ್ಚು ಎಡೆ ಕೊಟ್ಟದ್ದರಿಂದಲೇ ಹತ್ತನೇ ಶತಮಾನದ ಆ ಕಾವ್ಯದಲ್ಲಿ ನಮಗೆ ಖಳನಿಗಾಗಿ ಗಂಟಲು ಕಟ್ಟುತ್ತದೆ. ಹಿಂದಿನದು ಬೇಡ, ಸಿನಿಮಾದ್ದೇ ಬೇಕೆನ್ನುವವರು 1960ರ ‘ಸೈಕೋ’ದ ಸ್ನಾನದ ಮನೆಯ ದೃಶ್ಯವನ್ನು ಮತ್ತೊಮ್ಮೆ ನೋಡಲಿ. ಮುಕ್ಕಾಲು ನಿಮಿಷದ ಆಜುಬಾಜಿನದು. ಕತ್ತರಿಸಿ ಜೋಡಿಸಿದ ಚೂರು ಚೂರು ಚಿತ್ರಗಳು, ಪಿಟೀಲಿನ ಕಿರುಚು. ಚಾಕು ಮೈಗೆ ಇಳಿಯುವುದನ್ನು ಹಿಚ್‌ಕಾಕ್ ತೋರಿಸಿಯೇ ಇಲ್ಲ ಎನ್ನಬಹುದು. ಆರು ದಶಕ ದಾಟಿದರೂ ಹೆದರಿಕೆ ಹಾಗೇ ಇದೆ.

ವಾಕಿಂಗ್ ಡೆಡ್‌ನವರಿಗೂ ಅಳು ಗೊತ್ತಿರಲಿಲ್ಲವೆಂದಲ್ಲ. ಮುಂದೆ ಮ್ಯಾಗಿ ಮತ್ತು ನೀಗನ್ ನಡುವೆ ಅವರು ಬೆಳೆಸಿದ ಕಥೆ ನಿಜಕ್ಕೂ ಗಟ್ಟಿಯಾದದ್ದು. ಗಂಡನನ್ನು ಕೊಂದವನ ಜೊತೆ ಒಂದೇ ಬೇಲಿಯೊಳಗೆ ಬದುಕಬೇಕಾದ ಹೆಂಗಸು, ಮಾಡಿದ್ದನ್ನು ಹೊತ್ತು ಮುದುಕನಾಗುತ್ತಿರುವ ಕೊಲೆಗಾರ. ಕೊನೆಯ ಕಂತಿನಲ್ಲಿ ನೀಗನ್ ಕ್ಷಮೆ ಕೇಳುತ್ತಾನೆ. ಕ್ಷಮಿಸಲು ತನ್ನಿಂದ ಆಗದು ಎಂಬುದನ್ನು ಮ್ಯಾಗಿ ಅವನ ಮುಖಕ್ಕೇ ಹೇಳುತ್ತಾಳೆ. ಹೇಳುವಾಗ ಅವಳಲ್ಲಿ ದ್ವೇಷಕ್ಕಿಂತ ದಣಿವು ಹೆಚ್ಚು. ಎಷ್ಟು ಚೆನ್ನಾಗಿತ್ತು ಅದು! ನೋಡಲು ಮಾತ್ರ ಹಿಂದಿನ ಜನ ಇರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಎದ್ದುಹೋದವರಲ್ಲಿ ಎಷ್ಟೋ ಮಂದಿಗೆ ಇಂಥದೊಂದು ಮಾತು ಮುಂದೆ ಬಂತು ಎಂಬುದೇ ತಿಳಿಯಲಿಲ್ಲ.

ಈಗ ನಮ್ಮ ಮಾತಿಗೆ ಬರೋಣ. ಸ್ಟ್ರೀಮಿಂಗ್ ವೇದಿಕೆಗಳಿಗೆ ಮೊದಲ ಕಂತು ಅಂದರೆ ಪ್ರಾಣ. ಜನ ಎಷ್ಟನೇ ನಿಮಿಷದಲ್ಲಿ ಬಿಟ್ಟು ಹೋದರು ಎಂಬುದನ್ನು ಅವು ಒಬ್ಬೊಬ್ಬರ ಲೆಕ್ಕದಲ್ಲಿ ನೋಡಬಲ್ಲವು. ಹಾಗಾಗಿ ಬರಹಗಾರರ ಮೇಲೆ ಬೀಳುವ ಒತ್ತಡ ಒಂದೇ: ಮೊದಲ ಹತ್ತು ನಿಮಿಷದಲ್ಲಿ ಏನಾದರೂ ಆಗಲಿ. ಒಂದು ಕತ್ತು ಕುಯ್ಯಲಿ, ಒಂದು ಕೂಸು ಸಾಯಲಿ. ಬಿಟ್ಟು ಹೋಗುವ ನಿಮಿಷವನ್ನು ಎಣಿಸುವ ಯಂತ್ರಕ್ಕೆ, ನೋಡುತ್ತಲೇ ಇದ್ದವನು ಒಳಗೊಳಗೆ ಕಥೆಯನ್ನು ಬಿಟ್ಟುಬಿಟ್ಟ ಕ್ಷಣ ಕಾಣುವುದಿಲ್ಲ. ಆ ಅಕ್ಟೋಬರ್ ರಾತ್ರಿಯ 1 ಕೋಟಿ 70 ಲಕ್ಷ ಎಂಬ ಸಂಖ್ಯೆ ಮರುದಿನ ಬೆಳಿಗ್ಗೆ ದೊಡ್ಡ ಗೆಲುವಿನಂತೆಯೇ ಕಂಡಿತು. ಅದು ಆ ಧಾರಾವಾಹಿಯ ಅತಿ ದೊಡ್ಡ ಸಂಖ್ಯೆಗಳಲ್ಲಿ ಒಂದು. ಕನ್ನಡದಲ್ಲಿ ಈಗ ಭಯದ ಸರಣಿ ಬರೆಯುತ್ತಿರುವವರಿಗೆ, ಅದಕ್ಕೆ ದುಡ್ಡು ಹಾಕುವವರಿಗೆ ಈ ಒಂದು ವಾರದ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಿ ಎಂದು ಕೇಳುತ್ತೇನೆ. ನಮ್ಮ ಮಾರುಕಟ್ಟೆ ಚಿಕ್ಕದು. ಅಮೆರಿಕದ ಧಾರಾವಾಹಿಗೆ ನಲವತ್ತೈದು ಲಕ್ಷ ಜನ ಕಳೆದುಕೊಂಡ ಮೇಲೂ ಆರು ವರ್ಷ ಉಸಿರಾಡಲು ಜಾಗವಿತ್ತು. ಕನ್ನಡದ ನೋಡುಗ ಒಮ್ಮೆ ಮುಖ ತಿರುಗಿಸಿದರೆ ವೇದಿಕೆಗಳು ಕನ್ನಡದ ಸರಣಿಗಳನ್ನೇ ಕೈಬಿಡಬಹುದು ಎಂಬುದು ನನ್ನ ಅಂಜಿಕೆ.

ಮನೆಯ ಕಡೆಯ ಚಿಂತೆ ಇದಕ್ಕಿಂತ ದೊಡ್ಡದು. ಪರದೆಯ ಮೇಲೆ ರಕ್ತ ನೋಡಿದವರೆಲ್ಲ ಕೈಗೆ ದೊಣ್ಣೆ ತೆಗೆದುಕೊಳ್ಳುತ್ತಾರೆ ಎಂಬ ವಾದ ನನ್ನದಲ್ಲ. ಸರ್ಕಾರ ಕತ್ತರಿ ಹಿಡಿದು ಬರಲಿ ಎಂಬ ಕೋರಿಕೆಯೂ ಅಲ್ಲ. ಕತ್ತರಿ ಕೈಗೆ ಸಿಕ್ಕರೆ ಅದು ಕ್ರೌರ್ಯದ ಜೊತೆ ಸತ್ಯವನ್ನೂ ಕತ್ತರಿಸುತ್ತದೆ. ಆದರೆ ನೋಡುವವನಿಗೆ ಮುಂದೇನಿದೆ ಎಂದು ತಿಳಿಯುವ ಹಕ್ಕಿದೆ. ಅಮೆರಿಕದಲ್ಲಿ ಆ ಕಂತಿಗೆ ದೊಡ್ಡವರಿಗೆ ಮಾತ್ರ ಎಂಬ ದರ್ಜೆ ಇತ್ತು. ಅಲ್ಲಿ ಆ ದರ್ಜೆಯನ್ನು ಕೊಡುವುದು ವಾಹಿನಿಯೇ. ನಮ್ಮಲ್ಲಿ 2021ರ ಫೆಬ್ರವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರವೂ ಸ್ಟ್ರೀಮಿಂಗ್ ವೇದಿಕೆಗಳು ತಮ್ಮ ಸರಣಿಗೆ ತಾವೇ ದರ್ಜೆ ಕೊಟ್ಟುಕೊಳ್ಳುತ್ತವೆ. ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂದು ಐದು ದರ್ಜೆ. 13+ ಮತ್ತು ಅದಕ್ಕೆ ಮೇಲಿನದಕ್ಕೆ ಪೋಷಕರು ಬೀಗ ಹಾಕುವ ಏರ್ಪಾಡು ಇರಬೇಕು, ‘ಎ’ಗೆ ವಯಸ್ಸು ಖಾತ್ರಿ ಮಾಡಿಕೊಳ್ಳಬೇಕು, ಶುರುವಿನಲ್ಲೇ ಒಳಗೇನಿದೆ ಎಂಬ ಸೂಚನೆ ಎದ್ದು ಕಾಣಬೇಕು ಎಂದೆಲ್ಲ ಅದರಲ್ಲಿ ಬರೆದಿದೆ. ಬರೆದದ್ದು ಚೆನ್ನಾಗಿದೆ. ಕಾಣುವುದೇನು? ಕಂತು ಶುರುವಾಗುವಾಗ ಪರದೆಯ ಮೂಲೆಯಲ್ಲಿ ನಾಲ್ಕಾರು ಸೆಕೆಂಡು ಒಂದು ಅಂಕಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಹಿಂಸೆ ಎನ್ನುವ ಅರ್ಥದ ಒಂದು ಪದ. ಬಂದೂಕಿನ ಗುಂಡು ಹಾರಿದರೂ ಅದೇ ಪದ, ಬಸುರಿಯ ಕಣ್ಣೆದುರು ಗಂಡನ ಬುರುಡೆ ಒಡೆದರೂ ಅದೇ ಪದ. ಕನ್ನಡ ಸರಣಿ ನೋಡುವ ಅಜ್ಜಿಗೆ ಆ ಪದ ಓದಲು ಬರುವುದೂ ಇಲ್ಲ. ಥಿಯೇಟರಿನಲ್ಲಿ ‘ಎ’ ಸಿನಿಮಾಕ್ಕೆ ಬಾಗಿಲಲ್ಲಿ ನಿಂತು ಹುಡುಗರನ್ನು ತಡೆಯುವವನೊಬ್ಬನಾದರೂ ಇದ್ದ. ಮನೆಯಲ್ಲಿ ಒಂದೇ ಖಾತೆಯನ್ನು ಅಪ್ಪ, ಅಮ್ಮ, ಅಜ್ಜಿ, ಆರನೇ ಕ್ಲಾಸಿನ ಹುಡುಗ ಎಲ್ಲರೂ ಬಳಸುತ್ತಾರೆ. ಬೀಗವೆಲ್ಲಿದೆ ಎಂಬುದು ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಆ ಹುಡುಗನಿಗೆ.

ಬೀಗ ಹಾಕಿದರೂ ಅದು ಕಾಯುವುದು ಕಂತನ್ನು ಮಾತ್ರ. ಕಂತಿನ ಅತಿ ಕ್ರೂರವಾದ ನಲವತ್ತು ಸೆಕೆಂಡು ಕತ್ತರಿಸಿಕೊಂಡು ರೀಲ್ಸ್ ಆಗಿ, ಶಾರ್ಟ್ಸ್ ಆಗಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಫಾರ್ವರ್ಡ್ ಆಗಿ ಬರುವಾಗ ಅದಕ್ಕೆ ದರ್ಜೆಯಿಲ್ಲ, ಸೂಚನೆಯಿಲ್ಲ, ಹಿಂದುಮುಂದಿನ ಕಥೆಯೂ ಇಲ್ಲ. ಅಡುಗೆಯ ವಿಡಿಯೋ ಒಂದನ್ನು ಬೆರಳಲ್ಲಿ ಮೇಲಕ್ಕೆ ಸರಿಸಿದರೆ ಕೆಳಗಿನಿಂದ ಬ್ಯಾಟು ಬರುತ್ತದೆ. ಗ್ಲೆನ್ ಯಾರು, ಅವನು ಯಾರನ್ನು ಉಳಿಸಿದ್ದ, ಮ್ಯಾಗಿ ಯಾಕೆ ಹಾಗೆ ಕಿರುಚುತ್ತಾಳೆ ಎಂಬುದೊಂದೂ ಗೊತ್ತಿಲ್ಲದ ಮಗುವಿಗೆ ತಲುಪುವುದು ಹೊಡೆತ ಒಂದೇ. 2021ರಲ್ಲಿ ಕೊರಿಯಾದ ‘ಸ್ಕ್ವಿಡ್ ಗೇಮ್’ ಲೋಕವನ್ನೆಲ್ಲ ಸುತ್ತಿದಾಗ ಬೆಲ್ಜಿಯಂನ ಒಂದು ಶಾಲೆ ತಂದೆತಾಯಿಗಳನ್ನು ಎಚ್ಚರಿಸಬೇಕಾಯಿತು: ಮಕ್ಕಳು ಆ ಆಟ ಆಡುತ್ತಿದ್ದಾರೆ, ಸೋತವರನ್ನು ಹೊಡೆಯುತ್ತಿದ್ದಾರೆ. ದೊಡ್ಡವರಿಗೆಂದೇ ಮಾಡಿದ ಸರಣಿ ಅದು. ಮಕ್ಕಳ ತನಕ ಅದನ್ನು ಒಯ್ದ ದಾರಿಗಳಲ್ಲಿ ಇಂಥ ತುಣುಕುಗಳೂ ಇದ್ದವು. ಆ ತುಣುಕುಗಳನ್ನು ಹರಿಯಬಿಡುವವರು ಅಭಿಮಾನಿಗಳಷ್ಟೇ ಅಲ್ಲ, ಎಷ್ಟೋ ಸಲ ಸರಣಿಯ ಪ್ರಚಾರದವರೇ.

ತಡೆಯಲು ಆಗದ್ದನ್ನು ನಾನು ಕೇಳುತ್ತಿಲ್ಲ. ಕನ್ನಡ ಸರಣಿಯ ಸೂಚನೆ ಕನ್ನಡದಲ್ಲಿ ಇರಲಿ, ಒಂದು ಪದದಲ್ಲಲ್ಲ, ಒಂದು ಪೂರ್ತಿ ಸಾಲಿನಲ್ಲಿ, ಓದಿ ಮುಗಿಸುವಷ್ಟು ಹೊತ್ತು ನಿಲ್ಲಲಿ, ಬೇಕಾದರೆ ಓದಿಯೂ ಹೇಳಲಿ: ಈ ಕಂತಿನಲ್ಲಿ ಮನುಷ್ಯನೊಬ್ಬನನ್ನು ಹೊಡೆದು ಕೊಲ್ಲುವ ದೀರ್ಘ ದೃಶ್ಯವಿದೆ ಎಂದು. ಯಾರು ಸಾಯುತ್ತಾರೆಂದು ಹೇಳಬೇಕಿಲ್ಲ, ಕಥೆಯ ಗುಟ್ಟು ಕೆಡುವುದಿಲ್ಲ. ಇಂಥ ಕಂತು ಮುಗಿದ ಮೇಲೆ ಮುಂದಿನದು ತಾನಾಗಿಯೇ ಓಡುವುದನ್ನು ನಿಲ್ಲಿಸಲಿ. ನೋಡಿದವನು ಎದ್ದು ನೀರು ಕುಡಿದು, ಬೇಕಿದ್ದರೆ ಒತ್ತಲಿ. ‘ಹಿಂದಿನ ಕಂತಿನಲ್ಲಿ’ ಎಂದು ತೋರಿಸುವಾಗ ಆ ಹೊಡೆತವನ್ನೇ ಮತ್ತೆ ತೋರಿಸುವ ಚಾಳಿ ಬೇಡ. ಮುಖ ಮುಚ್ಚಿಕೊಂಡು ದಾಟಿಸಿದ್ದನ್ನು ಮರುವಾರ ಮೊದಲ ನಿಮಿಷದಲ್ಲೇ ಕಣ್ಣಿಗೆ ಒತ್ತಬೇಡಿ. ‘ಎ’ ದರ್ಜೆಯ ದೃಶ್ಯವನ್ನು ಪ್ರಚಾರದ ತುಣುಕು ಮಾಡುವುದಿಲ್ಲ ಎಂದು ವೇದಿಕೆಗಳು ತಮ್ಮ ಒಪ್ಪಂದದಲ್ಲೇ ಬರೆದುಕೊಳ್ಳಲಿ. ಇದಕ್ಕೆ ಹೊಸ ಕಾನೂನು ಬೇಡ, ಒಂದು ಮೀಟಿಂಗ್ ಸಾಕು. ನಿರ್ಮಾಪಕರ ಸಂಘ, ವೇದಿಕೆಗಳ ಕನ್ನಡ ವಿಭಾಗದವರು, ಚಲನಚಿತ್ರ ವಾಣಿಜ್ಯ ಮಂಡಳಿ ಒಂದು ಮಧ್ಯಾಹ್ನ ಕೂತು ಮಾತಾಡಿದರೆ ಮುಗಿಯುತ್ತದೆ. ಕನ್ನಡದ ಸರಣಿಗಳು ಬೆರಳೆಣಿಕೆಯಷ್ಟಿರುವಾಗಲೇ ಇದು ಸಾಧ್ಯ. ನೂರಾದ ಮೇಲೆ ಯಾರೂ ಯಾರ ಮಾತೂ ಕೇಳುವುದಿಲ್ಲ.

ಬರೆಯುವವರಿಗೆ ಹೇಳಬೇಕಾದದ್ದು ಒಪ್ಪಂದದಲ್ಲಿ ಹಿಡಿಸುವಂಥದ್ದಲ್ಲ. ನಿಮ್ಮ ಮೊದಲ ಕಂತಿನಲ್ಲಿ ಯಾರಾದರೂ ಸಾಯಲೇಬೇಕೆಂದಿದ್ದರೆ ಸಾಯಲಿ. ಎರಡನೇ ಕಂತಿನಲ್ಲಿ ಆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲೇ ಬರೆದಿಡಿ: ಯಾರು ಬಟ್ಟೆ ಮಡಿಸಿಡುತ್ತಾರೆ, ಯಾರು ಊಟ ಬಿಡುತ್ತಾರೆ, ಹೆಣದ ಮುಂದೆ ಯಾರು ಕೂತುಕೊಳ್ಳುತ್ತಾರೆ, ಕೊಂದವನ ಹೆಸರನ್ನು ಮೊದಲು ಯಾರು ಬಾಯಿ ಬಿಟ್ಟು ಹೇಳುತ್ತಾರೆ. ಆ ಪುಟಗಳು ನಿಮ್ಮ ಬಳಿ ಇಲ್ಲದಿದ್ದರೆ ಮೊದಲ ಕಂತಿನ ಕೊಲೆಯ ಚಿತ್ರೀಕರಣಕ್ಕೆ ಇನ್ನೂ ದಿನ ಗೊತ್ತು ಮಾಡಬೇಡಿ.